ಅಕ್ಕಿಮೂಟೆಯ ಸವಾರಿ

ನಮ್ಮ ಮನೆಯದು ಸ್ವಲ್ಪ ತಿರುಗುಮುರುಗು ಕಥೆ. ಶಿರ್ವದ ಸುತ್ತಮುತ್ತ ಗಂಡ ಗಲ್ಫಿನಲ್ಲಿ ದುಡಿಯುತ್ತಾನೆ, ಕಟ್ಟಿಸಿದ ಮನೆಯಲ್ಲಿ ಹೆಂಡತಿ ಇರುತ್ತಾಳೆ. ನಮ್ಮಲ್ಲಿ ಕುವೈತಿನ ನನ್ನ ಕೆಲಸ ಹೋಯಿತು, ಅಲ್ಲೇ ನರ್ಸ್ ಆಗಿದ್ದ ಹೆಂಡತಿಯ ಕೆಲಸ ಉಳಿಯಿತು. ಮಗಳ ಶಾಲೆಯೂ ಕುವೈತಿನಲ್ಲೇ. ಹಾಗಾಗಿ ಮನೆ ಕಾಯುವುದು ನನ್ನ ಪಾಲಿಗೆ ಬಂತು. ಭಾನುವಾರ ಇಗರ್ಜಿಯ ಮೆಟ್ಟಿಲ ಹತ್ತಿರ ಸಿಕ್ಕಿದವರು ನಿನಗೇನು, ರಾಜನ ಹಾಗಿದ್ದೀಯ ಎಂದು ತಮಾಷೆ ಮಾಡುತ್ತಾರೆ. ಯಾರೂ ಮಲಗದ ಮಹಡಿಯ ಕೋಣೆಗಳನ್ನು ವಾರಕ್ಕೊಮ್ಮೆ ಗುಡಿಸುವ ರಾಜ ನಾನು.

ಮಗಳಿಗೆಂದು ಹೆಂಡತಿ ಕಾರ್ಗೋದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಿನಿಬೈಕ್ ಕಳುಹಿಸಿದ್ದಳು. ಮಕ್ಕಳು ಓಡಿಸುವ ಪೆಟ್ರೋಲ್ ಗಾಡಿ. ಎತ್ತರ ನನ್ನ ಮೊಣಕಾಲಿನಷ್ಟು, ಶಬ್ದ ಮಾತ್ರ ಲಾರಿಯಷ್ಟು. ಕ್ರಿಸ್‌ಮಸ್ಸಿಗೆ ಊರಿಗೆ ಬಂದ ಮಗಳು ಅಂಗಳದ ಇಂಟರ್‌ಲಾಕ್ ಕಲ್ಲುಹಾಸಿನ ಮೇಲೆ ಒಂದು ಸುತ್ತು ಹೊಡೆಯುವಷ್ಟರಲ್ಲಿ ಚೈನು ಕಳಚಿ ಬಿತ್ತು. ಹಾಕಿಕೊಟ್ಟೆ, ಮತ್ತೆ ಬಿತ್ತು. ಕೊನೆಗೆ ಅವಳು ಗಾಡಿಯನ್ನು ಗೇಟಿನ ಬಳಿ ಮಲಗಿಸಿ ಒಳಗೆ ಹೋಗಿ ಮೊಬೈಲು ಹಿಡಿದು ಕೂತಳು. ರಜೆ ಮುಗಿಯುವವರೆಗೂ ಅದರ ತಂಟೆಗೆ ಬರಲಿಲ್ಲ, ನನ್ನ ಜೊತೆಗೂ ಹೆಚ್ಚು ಮಾತಾಡಲಿಲ್ಲ. ಹೊರಡುವ ದಿನ ಏರ್‌ಪೋರ್ಟಿನಲ್ಲಿ ಅವಳನ್ನು ಎತ್ತಿಕೊಂಡು, ಮುಂದಿನ ಸಲ ಸರಿ ಮಾಡಿಟ್ಟಿರುತ್ತೇನೆ ಎಂದು ಮಾತು ಕೊಟ್ಟೆ.

ಮರುವರ್ಷ ಅವರಿಗೆ ರಜೆ ಸಿಗಲಿಲ್ಲ. ದಿನಾ ಫೋನಿನಲ್ಲಿ ಮಗಳ ಜೊತೆ ಮಾತು ಇರುತ್ತಿತ್ತು. ಊಟ ಆಯಿತಾ, ಆಯಿತು. ಶಾಲೆ ಹೇಗಿತ್ತು, ಚೆನ್ನಾಗಿತ್ತು. ಅಲ್ಲಿಗೆ ನಮ್ಮ ಸರಕು ಮುಗಿಯಿತು. ಅವಳಾಗಿ ಕೇಳುತ್ತಿದ್ದುದು ಒಂದೇ ಮಾತು, ಬೈಕ್ ಸರಿ ಆಯಿತಾ ಅಂತ. ಅದನ್ನೂ ಕೇಳುವುದನ್ನು ಬಿಟ್ಟರೆ ನಾನು ಅವಳಿಗೆ ಯಾರೂ ಅಲ್ಲದವನಾಗುತ್ತೇನೆ ಎಂಬ ಹೆದರಿಕೆ ನನಗಿತ್ತು. ಅದರ ಮುಂದಿನ ಡಿಸೆಂಬರಿಗೆ ಟಿಕೆಟ್ ಆಯಿತು ಎಂದು ಹೆಂಡತಿ ಹೇಳಿದ ದಿನವೇ ಗಾಡಿಯನ್ನು ಶೆಡ್ಡಿನಿಂದ ಹೊರಗೆಳೆದೆ.

ಚೈನು ಸಡಿಲವಾಗಿದೆಯೆಂದು ಬಿಗಿ ಮಾಡಿದೆ. ಉಡುಪಿಯಲ್ಲಿ ನಾಲ್ಕಾರು ಅಂಗಡಿ ಅಲೆದು ಹೊಸ ಚೈನು ತಂದೆ. ಹಲ್ಲುಚಕ್ರ ಸವೆದಿದೆಯೋ ಎಂದು ಅದನ್ನೂ ಬಿಚ್ಚಿ ನೋಡಿದೆ. ಗಾಡಿಯನ್ನು ಕಲ್ಲಿನ ಮೇಲೆ ಎತ್ತಿಟ್ಟು ಹಿಂದಿನ ಚಕ್ರವನ್ನು ಗಾಳಿಯಲ್ಲಿ ತಿರುಗಿಸಿದರೆ ಚೈನು ಏನೂ ಅರಿಯದ ಪಾಪದವರ ಹಾಗೆ ಓಡುತ್ತಿತ್ತು. ನೆಲಕ್ಕಿಳಿಸಿ ನಾನು ಹತ್ತಿ ಕೂತರೆ ಗೇಟು ಮುಟ್ಟುವುದರೊಳಗೆ ಟಕ್. ಒಮ್ಮೆ ಪಿತ್ತ ನೆತ್ತಿಗೇರಿ ಸ್ಪ್ಯಾನರನ್ನು ತೆಂಗಿನ ಬುಡಕ್ಕೆ ಎಸೆದೆ. ಹುಡುಕಿ ತರುವುದಕ್ಕೂ ನಾನೇ ಹೋಗಬೇಕಾಯಿತು.

ಕೊನೆಗೆ ಗಾಡಿಯನ್ನು ಕಾರಿನ ಡಿಕ್ಕಿಗೆ ಹಾಕಿ ಕಟಪಾಡಿಯ ಮೆಕ್ಯಾನಿಕ್ಕನ ಬಳಿಗೆ ಒಯ್ದೆ. ಅವನು ಆಟದ ಸಾಮಾನಿಗೆ ತನಗೆ ಪುರುಸೊತ್ತಿಲ್ಲ ಎಂದವನು, ನನ್ನ ಮುಖ ನೋಡಿ ಒಂದು ಮಾತು ಸೇರಿಸಿದ.

“ಭಾರ ಬಿದ್ದಾಗ ಎಂತದೋ ಆಗ್ತದೆ ಮಾರಾಯ್ರೆ. ಒಬ್ಬರು ಕೂತುಕೊಳ್ಳಬೇಕು, ಇನ್ನೊಬ್ಬರು ಹಿಂದಿನಿಂದ ಚೈನಿನ ಲೈನ್ ನೋಡಬೇಕು. ಮನೆಯಲ್ಲಿ ಯಾರಾದ್ರೂ ಇದ್ದಾರಲ್ವಾ?”

ಇದ್ದಾರೆ ಎಂದೆ.

ಮನೆಗೆ ಬಂದು ನಾನೇ ಕೂತು, ಮೊಬೈಲನ್ನು ಹಿಂದೆ ಕಲ್ಲಿಗೆ ಒರಗಿಸಿ ವೀಡಿಯೊ ತೆಗೆದೆ. ನನ್ನ ಭಾರಕ್ಕೆ ಸ್ಪ್ರಿಂಗ್ ಪೂರ್ತಿ ಕುಸಿದಿತ್ತು. ಕಂಡದ್ದು ನನ್ನ ಬೆನ್ನು, ಬೇರೇನಿಲ್ಲ. ಮಕ್ಕಳ ಗಾಡಿಗೆ ಮಗುವಿನ ಭಾರವೇ ಬೇಕು. ಎಡಗಡೆಯ ಮನೆಗೆ ಬೀಗ, ಬಲಗಡೆಯ ಮನೆಯಲ್ಲಿ ಮಕ್ಕಳಿಲ್ಲ. ಇದ್ದಿದ್ದರೂ ಬೇರೆಯವರ ಮಗುವನ್ನು ಅದರ ಮೇಲೆ ಕೂರಿಸಲು ನನಗೆ ಮನಸ್ಸಾಗುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಕುಚ್ಚಲಕ್ಕಿಯ ಮೂಟೆ ಇತ್ತು. ಒಬ್ಬನಿಗೆ ಅಷ್ಟು ಯಾಕೆ ಎಂದು ಅಂಗಡಿಯವರು ಕೇಳಿದರೂ ಹಳೆಯ ಅಭ್ಯಾಸದಂತೆ ಈಗಲೂ ಇಡೀ ಮೂಟೆ ತರುತ್ತೇನೆ. ಏರ್‌ಪೋರ್ಟಿನಲ್ಲಿ ಎತ್ತಿಕೊಂಡಿದ್ದ ಮಗಳ ಭಾರ ನನ್ನ ಕೈಗಳಿಗೆ ನೆನಪಿತ್ತು. ಎತ್ತಿ ನೋಡುವುದು, ಸ್ವಲ್ಪ ಅಕ್ಕಿ ಬಕೆಟಿಗೆ ಸುರಿಯುವುದು, ಮತ್ತೆ ಎತ್ತುವುದು, ಹೀಗೆ ಮಾಡುತ್ತಾ ಒಂದು ಸಲಕ್ಕೆ ಕೈ ಹೌದು ಎಂದಿತು. ಅದನ್ನು ಸೀಟಿನ ಮೇಲೆ ಕೂರಿಸಿ ಹಗ್ಗದಲ್ಲಿ ಕಟ್ಟಿ, ಹಿಂದೆ ನೆಲದ ಮೇಲೆ ಬೋರಲು ಮಲಗಿದೆ. ಆಗ ಕಂಡಿತು. ಸ್ಪ್ರಿಂಗ್ ತಗ್ಗಿದಾಗ ಹಿಂದಿನ ಚಕ್ರ ತುಸು ಎಡಕ್ಕೆ ವಾಲಿ ಚೈನಿನ ನೇರ ತಪ್ಪುತ್ತಿತ್ತು. ಮೂಟೆ ಕೂತಿರುವಾಗಲೇ ಚಕ್ರವನ್ನು ನೇರ ಮಾಡಿ ನಟ್ಟು ಬಿಗಿದೆ.

ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯಲ್ಲಿ ಮೂಟೆಯನ್ನು ಆತುಕೊಂಡು ಅಂಗಳದಲ್ಲಿ ಸುತ್ತಿಸಿದೆ. ಚೈನು ಬೀಳಲಿಲ್ಲ. ತಿರುವಿನಲ್ಲಿ ನಿಧಾನ, ಹುಷಾರು ಎಂದು ಮೂಟೆಗೆ ಹೇಳುತ್ತಿದ್ದೆ. ಗೊತ್ತಾದಾಗ ನಗು ಬಂತು. ಸಂಜೆ ಅದನ್ನು ಎತ್ತಿ ಒಳಗೆ ತರುವಾಗ ಅಳು ಬಂತು, ಅದರಲ್ಲಿ ಮುಚ್ಚಿಡುವುದೇನಿಲ್ಲ.

ಡಿಸೆಂಬರಿನಲ್ಲಿ ಏರ್‌ಪೋರ್ಟಿನ ಬಾಗಿಲಲ್ಲಿ ಅವಳನ್ನು ಎತ್ತಲು ಎರಡೂ ಕೈ ಚಾಚಿದೆ. ಅವಳು ಬಂದು ನನ್ನ ಹೆಗಲಿಗೆ ಕೈ ಹಾಕಿದಳು. ಫೋನಿನಲ್ಲಿ ದಿನಾ ಮುಖ ಕಾಣುತ್ತದೆ, ಎತ್ತರ ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ, ತಾಯಿ ಇನ್ನೂ ಮಲಗಿದ್ದಾಗ, ಅವಳು ಗಾಡಿ ಹತ್ತಿದಳು. ಮೊಣಕಾಲು ಹ್ಯಾಂಡಲಿಗೆ ತಾಗುತ್ತಿತ್ತು. ಗೇಟಿನ ಹತ್ತಿರ ಹೋಗುತ್ತಲೇ ಟಕ್. ನಾನು ನಿಂತಲ್ಲೇ ನಿಂತೆ. ಈಗ ಇಳಿದು ಒಳಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ಇಳಿಯಲಿಲ್ಲ, ತಿರುಗಿ ನೋಡಿದಳು.

“ನಾನು ಕೂತಿರ್ತೇನೆ ಪಪ್ಪಾ, ಹಿಂದಿನಿಂದ ನೋಡು.”

ಹೋಗಿ ಚೈನು ಹಾಕಿ ಬೋರಲು ಮಲಗಿದೆ. ಅವಳು ಶಾಲೆಯ ಗೆಳತಿಯೊಬ್ಬಳ ಕಥೆ ಶುರು ಮಾಡಿದಳು. ನಾನು ನೇರ ಮಾಡಿಟ್ಟದ್ದು ಹಳೆಯ ಮಗಳ ಭಾರಕ್ಕೆ. ಈ ಮಗಳ ಭಾರಕ್ಕೆ ಚಕ್ರ ಇನ್ನಷ್ಟು ವಾಲುತ್ತಿತ್ತು. ಅದು ವಾಲುವುದು ಎಲ್ಲಿಂದ ಎಂಬುದೂ ಈಗ ಕಂಡಿತು: ಚಕ್ರ ಹಿಡಿದಿರುವ ಕಬ್ಬಿಣದ ತೋಳಿನ ಬುಡದಲ್ಲಿ, ತೋಳು ಅಲುಗದಂತೆ ಹಿಡಿಯುವ ಬಳೆಯಂಥ ಒಂದು ಬುಶ್ ಸವೆದು ಹೋಗಿತ್ತು. ಈ ಭಾರಕ್ಕೆ ಕಣ್ಣಿಟ್ಟ ಕೂಡಲೇ ಕಾಣುವ ದೋಷ. ಅವಳು ಕಥೆ ನಿಲ್ಲಿಸಿ ಸಿಕ್ಕಿತಾ ಎಂದು ಕೇಳಿದಳು.

ಇನ್ನೂ ಇಲ್ಲ, ಸ್ವಲ್ಪ ಹೊತ್ತು ಕೂತಿರು ಎಂದೆ.