ಉರಿಯುವ ಎಣ್ಣೆಗೊಂದು ಟ್ಯಾಂಕ್

ಬೆಳಕು ಹರಿಯುವ ಮೊದಲೇ ನಮ್ಮ ಎಂಜಿನಿಯರಮ್ಮ ನೀರು ತುಂಬಿ, ಮೂರು ಡಬ್ಬಿ ಕಟ್ಟಿ, ಗಂಡನ ಅಂಗಿಗೆ ಇಸ್ತ್ರಿ ಹಾಕಿ, ಅತ್ತೆಗೆ ಮಾತ್ರೆ ಕೊಟ್ಟಾಗಿತ್ತು. "ಕುರ್ಚಿ ಮೇಲೆ ಕೂರೋ ಕೆಲಸ, ಪುಣ್ಯವಂತೆ ಕಣೇ ನೀನು," ಎಂದು ಹರಸಿ ಗಂಡ ಮಗ್ಗುಲು ಬದಲಿಸಿದ.

ಆ ಕುರ್ಚಿಯಲ್ಲಿ ಕೂತು ಅವಳು ಸಣ್ಣ ವಿಮಾನದ ರೋಟರಿ ಎಂಜಿನ್ನಿಗೆ ಎಣ್ಣೆಯ ವ್ಯವಸ್ಥೆ ರೂಪಿಸುತ್ತಿದ್ದಳು. ಅದಕ್ಕೆ ಎಣ್ಣೆ ಎರಡು ಕೆಲಸಕ್ಕೆ ಬೇಕು: ಒಂದಿಷ್ಟು ಒಳಗೆಲ್ಲ ಸುತ್ತಿ ತಂಪು ಮಾಡುತ್ತದೆ, ಇನ್ನೊಂದಿಷ್ಟು ಒಳಗೆ ತಿರುಗುವ ತ್ರಿಕೋನದ ಅಂಚುಗಳನ್ನು ಹನಿಹನಿಯಾಗಿ ನೆನೆಸಿ ಉರಿದುಹೋಗುತ್ತದೆ. ಉರಿಯುವ ಎಣ್ಣೆಗೆಂದು ನಕ್ಷೆಯಲ್ಲಿ ಪ್ರತ್ಯೇಕ ಟ್ಯಾಂಕ್ ಬರೆದಿದ್ದಳು.

"ಎರಡು ಕೆಜಿ ದಂಡದ ಭಾರ, ತಾಯಿ," ಎಂದರು ಮುಖ್ಯಸ್ಥರು. "ಸುತ್ತಿ ಬಂದ ಎಣ್ಣೆನೇ ಅಲ್ಲಿಗೂ ಬಿಡಿ. ಮನೇಲಿ ಕರಿದ ಎಣ್ಣೆ ಚೆಲ್ತೀರಾ?"

"ಇಲ್ಲ ಸಾರ್, ಅದರಲ್ಲಿ ಮಾಡಿದ್ದು ನನ್ನ ತಟ್ಟೆಗೇ ಬರುತ್ತೆ. ಎಂಜಿನ್ನಿಗೆ ನನ್ನಷ್ಟು ತಾಳ್ಮೆ ಇಲ್ಲ. ಮೇಲೆ ಹಾರ್ತಿರುವಾಗಲೇ ಮಸಿ ಕಟ್ಕೊಂಡು ನಿಂತುಬಿಡುತ್ತೆ."

ಮುಖ್ಯಸ್ಥರು ನಕ್ಕರು. "ಹಾಗಾದ್ರೆ ನೀವೇ ಸಹಿ ಹಾಕಿ. ಭಾರ ಜಾಸ್ತಿ ಅಂತ ನಕ್ಷೆ ವಾಪಸ್ ಬಂದ್ರೆ ಕೆಲಸ ಬೇರೆಯವರ ಕೈಗೆ, ನೋಡಿ," ಎಂದು ಊಟಕ್ಕೆ ಹೊರಟರು.

ಕೋಣೆಯಲ್ಲಿ ಅವಳ ಹೊರತು ಯಾರೂ ಉಳಿಯಲಿಲ್ಲ. ಟ್ಯಾಂಕ್ ಅಳಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ವಿಮಾನ ಇಳಿಯುವುದು ಅರ್ಧ ಗಂಟೆ ತಡವಾದರೂ ಎಣ್ಣೆ ಬರಿದಾಗದಿರಲಿ ಎಂದು ಅವಳು ಅದನ್ನು ಇನ್ನೊಂದು ಬೆರಳಗಲ ದೊಡ್ಡದು ಮಾಡಿ, ಸಹಿ ಹಾಕಿದಳು.