ಮೊಬೈಲಿನಲ್ಲಿ ನಡೆದ ಬಸ್ತಾ

ಇಲ್ಲಿ ಬರೆಯುವುದರಲ್ಲಿ ಒಂದಷ್ಟನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಫಿಲಿಯೇಟ್ ಎಂಬ ಮಾತು ನಮ್ಮ ಮನೆತನದೊಳಗೆ ಮೊದಲು ಕಾಲಿಟ್ಟದ್ದು ಇಂಡಿ ಪಟ್ಟಣದ ತನ್ನ ಮನೆಯಲ್ಲಿ ಎಂದು ಅಕ್ಕ ಹೇಳುತ್ತಾಳೆ. ಆ ದಿನ ಪಡಸಾಲೆಯ ತುಂಬ ನಿಂಬೆಹಣ್ಣು ಹರಡಿತ್ತಂತೆ, ನಾನು ಒಂದನ್ನು ತುಳಿದೆನಂತೆ. ನನ್ನ ನೆನಪಿನಲ್ಲಿರುವುದು ಸಿಂದಗಿಯ ನಮ್ಮ ಅಡುಗೆಮನೆ, ಉಕ್ಕಿ ಒಲೆಗೆ ಬಿದ್ದ ಚಹಾ, ಬಾಗಿಲಿಗೆ ಒರಗಿ ನಿಂತ ಅಕ್ಕನ ಗಂಡ. ದಿನಚರಿ ಬರೆಯುವವಳಾದರೂ ಅಂದು ನಾನು ಬರೆದಿಟ್ಟದ್ದು ಅವರ ಮಾತನ್ನು ಮಾತ್ರ, ಜಾಗವನ್ನಲ್ಲ. ಹಾಗಾಗಿ ಜಾಗವನ್ನೂ ನಿಂಬೆಹಣ್ಣನ್ನೂ ಅಕ್ಕನಿಗೆ ಬಿಟ್ಟುಕೊಟ್ಟಿದ್ದೇನೆ.

"ನೀ ಏನೂ ಮಾರೂದಿಲ್ಲ," ಎಂದಿದ್ದರು ಅವರು. "ಬರೇ ದಾರಿ ತೋರಸ್ತಿ. ಮಂದಿ ತಾವ ಹೋಗಿ ತಗೋತಾರ. ನೀ ಮಲ್ಕೊಂಡಿದ್ರೂ ರೊಕ್ಕ ಬರತೈತಿ."

ಅಕ್ಕನ ಗಂಡನನ್ನು ನಾನು ಮಾಮಾ ಎಂದು ಕರೆಯುತ್ತೇನೆ. ಇಂಡಿಯಲ್ಲಿ ಅವರದೊಂದು ಝೆರಾಕ್ಸ್ ಅಂಗಡಿ ಇದೆ. ಅಲ್ಲೇ ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತಾರೆ. ಬೇರೆಯವರ ಅರ್ಜಿ ತುಂಬಿ ತುಂಬಿ ಬೇಸತ್ತ ಯಾವುದೋ ಗಳಿಗೆಯಲ್ಲಿ, ಮನೆಯಲ್ಲೇ ಕುಳಿತು ಗಳಿಸುವುದನ್ನು ಕಲಿಸುವ ಕೋರ್ಸೊಂದಕ್ಕೆ ತಮ್ಮದೇ ಅರ್ಜಿ ತುಂಬಿದ್ದರು. ಅದರ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದರು. ಆ ಕೋರ್ಸಿನ ಗುರು ಏನು ಮಾರಿ ಶ್ರೀಮಂತನಾದ ಎಂದು ನಾನು ಕೇಳಿದೆ. ಮಾಮಾ ಬಹಳ ಹೊತ್ತು ಯೋಚಿಸಿ, ಕೋರ್ಸನ್ನೇ ಮಾರಿರಬೇಕು ಎಂದರು. ಇನ್ನೊಬ್ಬರನ್ನು ಸೇರಿಸಿದರೆ ಅದರಲ್ಲೂ ಪಾಲು ಸಿಗುತ್ತಿತ್ತು. ಅವರು ಆಗಲೇ ತಮ್ಮ ಕ್ಷೌರಿಕನನ್ನು ಸೇರಿಸಿಯಾಗಿತ್ತು.

ನನಗೆ ಈ ಉಪದೇಶ ಬಂದದ್ದಕ್ಕೆ ಕಾರಣವಿತ್ತು. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ನನ್ನ ಕೆಲಸ ಆ ವರ್ಷ ಮುಂದುವರಿಯಲಿಲ್ಲ. ಖಾಲಿ ಕೂರಲಾರದೆ ಒಂದು ವೆಬ್‌ಸೈಟು ತೆರೆದು ಸೀರೆಗಳ ಬಗ್ಗೆ ಬರೆಯತೊಡಗಿದೆ. ಇಳಕಲ್ ಸೀರೆಯ ಸೆರಗು ನೇಯ್ದದ್ದೋ ಅಚ್ಚು ಹಾಕಿದ್ದೋ ಎಂದು ತಿಳಿಯುವುದು ಹೇಗೆ, ಖಣದ ಜಂಪರಿಗೆ ಯಾವ ಬಣ್ಣ ಒಗ್ಗುತ್ತದೆ, ಇಂಥವು. ಬರವಣಿಗೆ ನನ್ನದು, ತಿಳಿವಳಿಕೆಯೆಲ್ಲ ನಮ್ಮ ಅತ್ತೆಯದು. ಅತ್ತೆ ಎಂದರೆ ಅಪ್ಪನ ಅಕ್ಕ. ಬಸವನ ಬಾಗೇವಾಡಿಯಲ್ಲಿ ಬದುಕೆಲ್ಲ ಶಾಲೆ ಕಲಿಸಿ ನಿವೃತ್ತಳಾದವಳು. ಈಗಲೂ ಬೀದಿಯಲ್ಲಿ ಯಾರಾದರೂ ಅಡ್ಡಾದಿಡ್ಡಿ ನಡೆದರೆ ನಿಲ್ಲಿಸಿ ಬೈಯುವವಳು.

ನಮ್ಮ ಕಡೆ ಮದುವೆಯ ಬಟ್ಟೆ ಖರೀದಿಗೆ ಬಸ್ತಾ ಎನ್ನುತ್ತಾರೆ. ಹೆಣ್ಣಿನವರು ಗಂಡಿನವರು ಸೇರಿ ಒಂದೇ ಅಂಗಡಿಗೆ ಹೋಗಿ, ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂತು, ಮದುಮಗಳ ಸೀರೆಯಿಂದ ಹಿಡಿದು ನೆಂಟರಿಗೆ ಉಡುಗೊರೆ ಕೊಡುವ ಆಯೇರಿ ಸೀರೆಗಳವರೆಗೆ ಎಲ್ಲವನ್ನೂ ಒಂದೇ ದಿನ ಆರಿಸಬೇಕು. ಎರಡೂ ಕಡೆಯವರು ಒಪ್ಪುವ ಹಿರಿಯಳೊಬ್ಬಳು ನಡುವೆ ಕೂರುತ್ತಾಳೆ. ಅವಳು ಹೂಂ ಎಂದರೆ ಸೀರೆ ಈ ಬದಿಗೆ, ಉಹೂಂ ಎಂದರೆ ಆ ಬದಿಗೆ. ಹೂಂ ಎಂದದ್ದರ ಹೊರೆಯೂ ಅವಳದೇ. ಮುಂದೆ ಬಣ್ಣ ಬಿಟ್ಟರೆ, ಜರಿ ಕಪ್ಪಾದರೆ ಸೀರೆ ಮೊದಲು ಬರುವುದು ಅವಳ ಮನೆಗೆ. ಅವಳು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಹೋಗಿ, ಜಗಳ ಆಡಿ, ಬದಲಿಸಿ ತರಬೇಕು. ಅತ್ತೆಯನ್ನು ಹೂವಿನ ಹಿಪ್ಪರಗಿಯಿಂದ ತಂಗಡಗಿಯವರೆಗೆ ಬಸ್ತಾಕ್ಕೆ ಕರೆಯುತ್ತಿದ್ದರು. ನಿವೃತ್ತಿಯ ನಂತರ ಅವಳ ಮಾತಿಗೆ ಬೆಲೆ ಉಳಿದದ್ದು ಅಲ್ಲೊಂದೇ ಕಡೆ. ಅದು ಅವಳಿಗೂ ಗೊತ್ತಿತ್ತು. ನಾವು ಮಾತ್ರ ಅದನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಸೈಟಿಗೆ ವರ್ಷಕ್ಕೊಮ್ಮೆ ಬಾಡಿಗೆ ಕಟ್ಟಬೇಕು. ತನ್ನ ಬಾಡಿಗೆಯನ್ನು ತಾನೇ ದುಡಿಯದಿದ್ದರೆ ಮುಚ್ಚಿಬಿಡುವುದು ಎಂದುಕೊಂಡಿದ್ದೆ. ಅದಕ್ಕೇ ಮಾಮಾನ ಮಾತಿಗೆ ಕಿವಿಗೊಟ್ಟೆ: ಸೈಟಿನಲ್ಲಿ ಯಾವುದಾದರೂ ಕಂಪನಿಯ ಲಿಂಕು ಹಾಕಿದರೆ, ಅದನ್ನು ಒತ್ತಿ ಹೋದವರು ಕೊಂಡದ್ದರಲ್ಲಿ ನನಗೊಂದು ಪಾಲು. ಎಂ.ಎ. ಮಾಡಿದವಳು ನಾನು, ಕಣ್ಣು ತೆರೆದೇ ಆರಿಸುತ್ತೇನೆ ಎಂಬ ಹಮ್ಮೂ ಇತ್ತೆಂದು ತೋರುತ್ತದೆ.

ಆರಿಸುವ ಕೆಲಸ ಎಷ್ಟು ಹೊಲಸು ಎಂದು ಆಗ ತಿಳಿಯಿತು. ಮಾಮಾ ಮೊದಲು ತಂದದ್ದು ತೂಕ ಇಳಿಸುವ ಪುಡಿ. ಪಾಲು ಎಲ್ಲಕ್ಕಿಂತ ಹೆಚ್ಚು. ಸೀರೆಗೂ ಪುಡಿಗೂ ಏನು ಸಂಬಂಧ ಎಂದರೆ, ತೆಳ್ಳಗಾದವರಿಗೆ ಸೀರೆ ಚೆನ್ನಾಗಿ ಕೂರುತ್ತದೆ ಎಂದು ಬರೆ ಎಂದರು. ಆಮೇಲೆ ತಂದದ್ದು ಅದೃಷ್ಟದ ಹರಳು, ಆಮೇಲೆ ಕೈಸಾಲ ಕೊಡುವ ಆ್ಯಪು. ಸೀರೆ ಓದಲು ಬಂದ ಹೆಂಗಸನ್ನು ಸಾಲಗಾರಳನ್ನಾಗಿ ಮಾಡಿ ಕಳಿಸುವುದಕ್ಕೆ ಆ ಕಂಪನಿಯವರು ಇಟ್ಟ ಹೆಸರು ಪಾಲುದಾರಿಕೆ. ದೊಡ್ಡ ಮಾರಾಟ ಜಾಲದ ಕಾರ್ಯಕ್ರಮವೊಂದಿತ್ತು. ನನ್ನ ಲಿಂಕಿನಿಂದ ಒಳಹೋದವಳು ಗೊತ್ತುಪಡಿಸಿದ ಗಡುವಿನೊಳಗೆ ಸೀರೆಯ ಬದಲು ಕುಕ್ಕರ್ ಕೊಂಡರೂ ನನಗೆ ಪಾಲು. ಅಂದರೆ ಆಕೆ ಅಂಗಡಿಯಿಂದ ಹೊರಬಂದ ಮೇಲೂ ನಾನು ಅವಳ ಹಿಂದೆಯೇ ನಡೆಯುತ್ತಿರಬೇಕು. ವಿಡಿಯೋಗಳಲ್ಲಿ ಕೈ ಬೀಸಿ ಮಾತಾಡುವ ಪಂಡಿತರೆಲ್ಲ ಪಾಲು ಎಷ್ಟು, ಗಡುವು ಎಷ್ಟು, ತಿಂಗಳು ತಿಂಗಳು ಬರುತ್ತದೆಯೇ ಎಂದು ನೋಡಲು ಹೇಳುತ್ತಿದ್ದರು. ವಸ್ತು ಚೆನ್ನಾಗಿದೆಯೇ ಎಂದು ನೋಡಿ ಅಂದವರನ್ನು ನಾನು ಕಾಣಲಿಲ್ಲ. ಒಬ್ಬರೋ ಇಬ್ಬರೋ ಅಂದಿದ್ದರೂ ಇರಬಹುದು, ಅಷ್ಟು ಹೊತ್ತಿಗೆ ನಾನು ಫೋನು ಮುಚ್ಚಿರಬೇಕು.

ನಾನು ನನ್ನದೇ ಪರೀಕ್ಷೆ ಇಟ್ಟೆ. ಈ ಸೀರೆಯನ್ನು ನಾನು ಉಡುತ್ತೇನೆಯೇ? ಸರಿಯಿಲ್ಲದಿದ್ದರೆ ವಾಪಸು ತೆಗೆದುಕೊಳ್ಳುತ್ತಾರೆಯೇ? ತಂಗಡಗಿಗೆ ಪಾರ್ಸೆಲ್ಲು ಮುಟ್ಟುತ್ತದೆಯೇ? ಈ ಕೊನೆಯದರಲ್ಲೇ ಮುಕ್ಕಾಲುಪಾಲು ಕಂಪನಿಗಳು ಬಿದ್ದವು. ಭಾರತದ ಮೂಲೆ ಮೂಲೆಗೂ ಎಂದು ಮುಖಪುಟದಲ್ಲಿ ಬರೆದುಕೊಂಡವರು ತಂಗಡಗಿಯ ಪಿನ್ ಕೋಡು ಹಾಕಿದರೆ ಸೇವೆ ಲಭ್ಯವಿಲ್ಲ ಎನ್ನುತ್ತಿದ್ದರು.

ಕೊನೆಗೆ ಕೈಮಗ್ಗದ ಸೀರೆಗಳನ್ನೇ ಮಾರುತ್ತೇವೆ ಎನ್ನುವ, ದೂರದ ಊರಿನ ಒಂದು ಕಂಪನಿ ಉಳಿಯಿತು. ಪಾಲು ಕಡಿಮೆ. ಮಾಮಾ ಮುಖ ಸಿಂಡರಿಸಿದರು. ಅದೇ ನನಗೆ ಒಳ್ಳೆಯ ಶಕುನ ಅನ್ನಿಸಿತು. ಒಂದು ಸೀರೆ ತರಿಸಿ ಬಾಗೇವಾಡಿಗೆ ಒಯ್ದೆ. ಅತ್ತೆ ಕನ್ನಡಕ ಏರಿಸಿ, ಸೆರಗು ಮಗುಚಿ, ಅಂಚು ಎಳೆದು, ಒಂದು ಮೂಲೆಯನ್ನು ನೀರಲ್ಲಿ ಅದ್ದಿ ಹಿಂಡಿ, ಹೂಂ ಎಂದಳು. ಅವಳ ಒಪ್ಪಿಗೆ ಪಡೆದೇ ಪುಟದ ಮೇಲೆ ಬರೆದೆ: ನಮ್ಮ ಅತ್ತೆ ಕೈಯಾಡಿಸಿ ನೋಡಿದ್ದಾರೆ. ಅದರ ಕೆಳಗೆ, ಇಲ್ಲಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ ಎಂದೂ ಬರೆದೆ. ಈ ಎರಡನೆಯ ಸಾಲನ್ನು ಪುಟದ ತಳದಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ಹಾಕು ಎಂದು ಮಾಮಾ ಹೇಳಿದ್ದರು.

ಮಸೂತಿ ಎಂಬ ಊರಿನ ಒಂದು ಮನೆಯವರು ಆ ಪುಟವನ್ನು ಓದಿದರು. ಮಗಳ ಮದುವೆ ಗೊತ್ತಾಗಿತ್ತು. ತಾಯಿ ಅತ್ತೆಯ ಹಳೆಯ ವಿದ್ಯಾರ್ಥಿನಿ, ಈಗಲೂ ಅವಳನ್ನು ಶಾಲೆಯಲ್ಲಿ ಕರೆದಂತೆ ಅಕ್ಕೋರು ಎಂದೇ ಕರೆಯುವವಳು. ಅವರು ತಾವಾಗಿಯೇ ಕೊಂಡುಕೊಂಡಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಆಕೆ ಬಾಗೇವಾಡಿಗೆ ಬಂದು, ಅರಿಷಿಣ ಕುಂಕುಮ ಕೊಟ್ಟು ಅತ್ತೆಯನ್ನು ಕರೆದಳು: "ಅಕ್ಕೋರ, ಬಸ್ತಾ ಮೊಬೈಲ್‌ದಾಗ ಐತ್ರಿ. ನೀವು ಬಂದು ಕುಂದರಬೇಕು."

ಅತ್ತೆ ಹೋದಳು. ಲಿಂಕು ಒತ್ತಲು ನನ್ನನ್ನೂ ಎಳೆದುಕೊಂಡು ಹೋದಳು. ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಒಂದು ಬದಿಗೆ ಹೆಣ್ಣಿನವರು, ಇನ್ನೊಂದು ಬದಿಗೆ ಹಿಪ್ಪರಗಿಯಿಂದ ಬಂದ ಗಂಡಿನವರು, ನಡುವೆ ತಂಬಿಗೆಗೆ ಆನಿಸಿ ನಿಲ್ಲಿಸಿದ ಮೊಬೈಲು. ಯಾರೋ ಅದಕ್ಕೂ ಕುಂಕುಮ ಹಚ್ಚಿದರು ಎಂದು ನನ್ನ ನೆನಪು. ಹಚ್ಚಿದ್ದು ತಂಬಿಗೆಗೆ ಎಂದು ಅತ್ತೆಯ ವಾದ. ಚಿತ್ರ ಸರಿಯುತ್ತಿತ್ತು, ಅತ್ತೆ ಹೂಂ ಉಹೂಂ ಎನ್ನುತ್ತಿದ್ದಳು, ನಾನು ಒತ್ತುತ್ತಿದ್ದೆ. ಮುಟ್ಟಲಾಗದ ಬಟ್ಟೆಗೆ ಅವಳು ಹೇಗೆ ಹೂಂ ಎನ್ನುತ್ತಾಳೆ ಎಂದು ನನಗೆ ಅನ್ನಿಸಿತೇ? ಅನ್ನಿಸಿತು ಎಂದು ಈಗ ಬರೆದುಕೊಳ್ಳುವುದು ಸುಲಭ. ಅಂದು ನಾನು ನಗುತ್ತಿದ್ದೆ, ಅಷ್ಟು ಗೊತ್ತು.

ಸೀರೆಗಳು ಬಂದವು. ಮದುಮಗಳದು ನಾನು ತರಿಸಿದ್ದ ಮಾದರಿಯ ಹಾಗೆಯೇ ಚೆನ್ನಾಗಿತ್ತು. ಆಯೇರಿ ಸೀರೆಗಳನ್ನು ಮಾತ್ರ ಯಾವುದೋ ಗೋದಾಮಿನ ತಳದಿಂದ ಬಾಚಿ ತುಂಬಿದಂತಿತ್ತು. ಸೆರಗು ಅಚ್ಚು ಹಾಕಿದ್ದು, ಮಗುಚಿದರೆ ಬಿಳುಚು. ನೀರು ಸೋಕಿದರೆ ಕೈಯೆಲ್ಲ ಕೆಂಪು. ಮಸೂತಿಯ ತಾಯಿ ಗಂಟು ಕಟ್ಟಿಕೊಂಡು ನೇರ ಅತ್ತೆಯ ಮನೆಗೆ ಬಂದಳು. ಬೈಯಲಿಲ್ಲ. ಗಂಟನ್ನು ಅತ್ತೆಯ ಮುಂದಿಟ್ಟು, ಚಹಾ ಬೇಡ ಎಂದಳು. ನಮ್ಮಲ್ಲಿ ಚಹಾ ಬೇಡ ಎಂದರೆ ಏನೆಂದು ಅತ್ತೆಗೆ ಗೊತ್ತಿತ್ತು. ನನಗೆ ಫೋನು ಮಾಡಿದಳು. ನಾನು ಸಿಂದಗಿಯಿಂದ ಬಂದು ಇಳಿಯುವಷ್ಟರಲ್ಲಿ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಗಂಟು ಕಂಕುಳಲ್ಲಿ ಇಟ್ಟುಕೊಂಡು ಸಿದ್ಧಳಾಗಿ ನಿಂತಿದ್ದಳು.

"ನಡಿ," ಎಂದಳು. "ಯಾವ ಅಂಗಡಿಗೆ ಹೋಗೂಣು?"

ಅಂಗಡಿ ಇಲ್ಲ, ಇರುವುದು ಒಂದು ಪುಟ ಎಂದು ನಾನು ಅವಳಿಗೆ ವಿವರಿಸಿದೆ. ಗಂಟನ್ನು ಕೆಳಗಿಡದೆಯೇ ಕೇಳಿಸಿಕೊಂಡಳು. ಆ ಪುಟದಲ್ಲಿ ವಾಪಸಿಗೆ ಕಾರಣ ಆರಿಸಬೇಕಿತ್ತು. ಮನಸ್ಸು ಬದಲಾಯಿತು ಎಂಬುದಿತ್ತು, ಅಳತೆ ಸರಿಯಿಲ್ಲ ಎಂಬುದಿತ್ತು. ಸೀರೆಗೆ ಎಂಥಾ ಅಳತೆ ಎಂದು ಅತ್ತೆ ಕೇಳಿದಳು. ನೀವು ಮೋಸ ಮಾಡಿದಿರಿ ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ತಂದು ಮುಟ್ಟಿಸಲು ಮಸೂತಿಯ ದಾರಿ ಗೊತ್ತಿದ್ದವರಿಗೆ, ತಿರುಗಿ ಒಯ್ಯಲು ಆ ಪಿನ್ ಕೋಡಿನಲ್ಲಿ ಸೇವೆ ಇರಲಿಲ್ಲ. ನಾವೇ ಅಂಚೆಗೆ ಹಾಕಬೇಕಂತೆ.

ಅಷ್ಟರಲ್ಲಿ ಮಾಮಾನ ಫೋನು. ವಾಪಸು ಕಳಿಸಿದರೆ ನನ್ನ ಕಮಿಷನ್ ರದ್ದಾಗುತ್ತದೆ, ದುಡುಕಬೇಡ ಎಂದರು. "ಬಣ್ಣ ಬಿಡೂದು ನ್ಯಾಚುರಲ್ ಅಂತ ಬರಿ. ಮಂದಿ ನಂಬತಾರ."

"ಅದನ್ನ ನೀವ ಬಂದು ಅತ್ತಿ ಮುಂದ ಹೇಳ್ರಿ ಮಾಮಾ," ಎಂದೆ. ಅಂಗಡಿಗೆ ಗಿರಾಕಿ ಬಂದಾರ ಎಂದು ಫೋನಿಟ್ಟರು.

ಬಾಗೇವಾಡಿಯ ಅಂಚೆ ಕಚೇರಿಯಲ್ಲಿ ಅತ್ತೆ ಆ ಗಂಟನ್ನು ಕಿಟಕಿಯೊಳಗೆ ತಳ್ಳಿದ ರೀತಿ ಮರೆತಿಲ್ಲ. ಜಗಳಕ್ಕೆಂದೇ ತಯಾರಾಗಿ ಬಂದವಳು, ಜಗಳ ಆಡಲು ಎದುರಿಗೆ ಮನುಷ್ಯರೇ ಇಲ್ಲದೆ, ಅಂಟು ಸರಿಯಿಲ್ಲ ಎಂದು ಅಲ್ಲಿಯವರೊಂದಿಗೆ ವಾದಿಸಿದಳು. ಮನೆಗೆ ಬಂದು ನಾನು ಆ ಪುಟವನ್ನು ತೆಗೆದುಹಾಕಿದೆ. ಕಂಪನಿಯಿಂದ ನನಗೊಂದು ಸಂದೇಶ ಬಂತು: ನಿಮ್ಮ ಓದುಗರ ವಿಶ್ವಾಸವೇ ನಮ್ಮ ಬಂಡವಾಳ. ಈ ಸಾಲನ್ನು ಬರೆದವನಿಗೆ ತಾನು ಎಷ್ಟು ಸರಿಯಾಗಿ ಬರೆದಿದ್ದೇನೆ ಎಂದು ತಿಳಿದಿರಲಾರದು.

ಆಮೇಲೆ ಕೆಲವು ವಾರ ಅತ್ತೆಯನ್ನು ಯಾರೂ ಬಸ್ತಾಕ್ಕೆ ಕರೆಯಲಿಲ್ಲ. ಹಿಪ್ಪರಗಿಯಲ್ಲಿ ಮದುವೆಗಳಿದ್ದವು, ಅವಳಿಗೆ ಗೊತ್ತಿತ್ತು. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟು ಹಿತ್ತಿಲಲ್ಲಿ ಕೂರತೊಡಗಿದಳು. ಕಾಯುತ್ತಿರುವುದು ಕಾಣಬಾರದೆಂದು ಇರಬೇಕು. ನಾನು ಹೋದಾಗ ನನ್ನ ಸೈಟಿನ ಸುದ್ದಿ ಕೇಳುತ್ತಿರಲಿಲ್ಲ. ನಾನೂ ಎತ್ತುತ್ತಿರಲಿಲ್ಲ.

ಕೊನೆಗೆ ಬಂದವಳು ಮಸೂತಿಯ ತಾಯಿಯೇ. ಮದುವೆ ಹತ್ತಿರ ಬಂದಿತ್ತು, ಆಯೇರಿಯ ಸೀರೆಗಳು ಆಗಬೇಕಿತ್ತು, ಗಂಡಿನವರು ಅಕ್ಕೋರಿಲ್ಲದೆ ಕೂರುವುದಿಲ್ಲ ಎಂದಿದ್ದರಂತೆ. ಈ ಸಲ ಚಹಾ ಕುಡಿದಳು. ಎಲ್ಲರೂ ಮುದ್ದೇಬಿಹಾಳಕ್ಕೆ ಹೋದೆವು, ಅತ್ತೆ ಯಾವಾಗಲೂ ಕರೆದೊಯ್ಯುವ ಹಳೆಯ ಅಂಗಡಿಗೆ. ಅವಳು ಗಾದಿಯ ನಡುವೆ ಕೂತು ಸೆರಗು ಮಗುಚಿ ಮಗುಚಿ ನೋಡಿದಳು. ಧ್ವನಿ ಮತ್ತೆ ಶಾಲೆಯ ಧ್ವನಿಯಾಗಿತ್ತು. ನಾನು ಗೋಡೆಗೆ ಒರಗಿ, ಮಾಮಾನಂಥವರು, ಪುಡಿ ಮಾರುವವರು, ಲಿಂಕು ಹಂಚುವವರು ಇವಳ ಕಾಲ ಧೂಳಿಗೂ ಸಮವಲ್ಲ ಎಂದುಕೊಂಡೆ. ಏನೂ ಬಯಸದೆ ಹೂಂ ಎನ್ನುವವಳು ಎಂದು ಮನಸ್ಸಿನಲ್ಲೇ ಒಂದು ಲೇಖನ ಬರೆದೂ ಮುಗಿಸಿದೆ.

ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಅಂಗಡಿಯ ಯಜಮಾನರು ಅತ್ತೆಯನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕರೆದರು. ಕಾಗದದಲ್ಲಿ ಸುತ್ತಿದ ಒಂದು ಸೀರೆಯನ್ನು ಅವಳ ಚೀಲದೊಳಗೆ ಇಟ್ಟರು. ಅವಳು ಚೀಲದ ಬಾಯಿ ಅಗಲಿಸಿ ಹಿಡಿದಳು ಅಷ್ಟೇ. ಎಷ್ಟೋ ಸಲ ನಡೆದ ಕೆಲಸದ ನುಣುಪು ಅದರಲ್ಲಿತ್ತು. ಹಾಗೆಂದು ನನಗೆ ಅನ್ನಿಸಿತು. ನಾನು ದೂರ ನಿಂತಿದ್ದೆ, ಅದು ಅವಳು ದುಡ್ಡು ಕೊಟ್ಟು ಕೊಂಡ ಸೀರೆಯೇ ಆಗಿದ್ದಿರಬಹುದು.

ಬಾಗೇವಾಡಿಯ ಬಸ್ಸಿನಲ್ಲಿ ಚೀಲ ಅವಳ ತೊಡೆಯ ಮೇಲಿತ್ತು. ನಾನು ಮೆಲ್ಲಗೆ ಕೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಸೆರಗು ಹೊದ್ದುಕೊಂಡಳು. ಆಮೇಲೆ ಎಷ್ಟೋ ಸಲ ಭೇಟಿಯಾಗಿದ್ದೇವೆ, ಮಸೂತಿಯ ಮದುವೆಯಲ್ಲಿ ಪಕ್ಕಪಕ್ಕ ಕೂತು ಉಂಡಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಅವರು ಈ ಸೀರಿ ಕೊಡದ ಇದ್ದಿದ್ರೂ ನೀ ಮಂದೀನ ಇದ ಅಂಗಡಿಗೇ ಕರಕೊಂಡು ಬರ್ತಿದ್ದೇನು?"