ಬಾಗಿಲ ಹಿಂದಿನ ನೋಟೀಸು

ಚಿಪ್ಪಕ್ಕ ನಲವತ್ತು ವರ್ಷ ಕಪ್ಪೆಚಿಪ್ಪು ಬೇಯಿಸಿ ಮಾರಿದವಳು. ಅವಳದೊಂದು ಕಟ್ಟುಪಾಡು ಇತ್ತು. ಮೊದಲ ಬೋಗುಣಿ ಮನೆಯವರು ತಿನ್ನಬೇಕು, ಒಂದು ತಾಸು ಕಾಯಬೇಕು, ಯಾರಿಗೂ ಏನೂ ಆಗದಿದ್ದರೆ ಬುಟ್ಟಿ ಹೊಸ್ತಿಲು ದಾಟಬೇಕು. ಆ ಗುರುವಾರ ತಿಂದವನು ಮೈದುನ, ಬಂದರಿನಲ್ಲಿ ಕ್ರೇನು ಓಡಿಸುವವನು.

ತಾಸು ತುಂಬುವ ಮೊದಲೇ ಅವನ ತುಟಿ ಜೋಮು ಹಿಡಿಯಿತು, ನಾಲಿಗೆ ತೊದಲಿತು, ಇಟ್ಟ ಕಾಲು ಇಟ್ಟಲ್ಲಿ ನಿಲ್ಲಲಿಲ್ಲ. ಆಸ್ಪತ್ರೆಯ ಡಾಕ್ಟರು ಬಾಯಿ ಮೂಸಿಯೂ ನೋಡದೆ ಚೀಟಿಯಲ್ಲಿ ‘ಕುಡಿತ’ ಎಂದು ಗೀಚಿದರು. ಮೂರನೆಯ ದಿನ ಅವನು ಎದ್ದು ಕೂರುವಷ್ಟರಲ್ಲಿ ಚೀಟಿ ಬಂದರಿಗೆ ತಲುಪಿ ಕೆಲಸ ಹೋಗಿತ್ತು.

"ಅತ್ತಿಗೆ, ನಾನು ಒಂದು ಹನಿ ಮುಟ್ಟಿದವನಲ್ಲ."

"ಗೊತ್ತು ಕಣೋ. ಕೆಮ್ಮಿನ ಔಷಧಿಗೂ ಹೆದರೋನು ನೀನು."

ಉಳಿದ ಚಿಪ್ಪನ್ನು ಚೆಲ್ಲೆಂದರು ನೆರೆಯವರು. ಅವಳು ಚೆಲ್ಲಲಿಲ್ಲ. ಐಸಿನಲ್ಲಿಟ್ಟು ಸಮುದ್ರದ ನೀರು ಪರೀಕ್ಷಿಸುವ ಲ್ಯಾಬಿಗೆ ಹೊತ್ತಳು. ಅಲ್ಲಿನ ಹುಡುಗಿ ಎರಡು ದಿನ ಪರೀಕ್ಷೆ ಮಾಡಿ ಕಾಗದ ಕೊಟ್ಟಳು.

"ಅಜ್ಜಿ, ನೀರಲ್ಲಿ ವಿಷದ ಪಾಚಿ ಹೆಚ್ಚಾಗಿದೆ. ಚಿಪ್ಪು ಅದನ್ನ ತಿಂದು ವಿಷ ಕೂಡಿಟ್ಕೊಳ್ಳುತ್ತೆ. ಎಷ್ಟು ಕುದಿಸಿದ್ರೂ ಹೋಗಲ್ಲ. ಹೋದ ಮಂಗಳವಾರವೇ, ನೀವು ಇದನ್ನ ಬೇಯಿಸೋಕೂ ಮೊದಲೇ, ಮೀನುಗಾರಿಕೆ ಕಚೇರಿಗೆ ತಿಳಿಸಿದ್ವಲ್ಲ!"

ಚಿಪ್ಪಕ್ಕನ ನೆತ್ತಿಗೆ ಬೆಂಕಿ ಬಿತ್ತು. ನೆಟ್ಟಗೆ ಮೀನುಗಾರಿಕೆ ಕಚೇರಿಗೆ ನಡೆದಳು. ಕಚೇರಿಯ ಗುಮಾಸ್ತ ಕುರ್ಚಿಯಿಂದ ಏಳಲಿಲ್ಲ.

"ನೋಟೀಸು ಅಂಟಿಸಿದ್ದೀವಲ್ಲಮ್ಮ."

"ಎಲ್ಲಿ?"

"ಬಾಗಿಲಿಗೆ."

ಬಾಗಿಲು ಹಗಲೆಲ್ಲ ತೆರೆದು ಗೋಡೆಗೆ ಕೊಕ್ಕೆ ಹಾಕಿರುತ್ತಿತ್ತು. ಅವಳು ಕೊಕ್ಕೆ ಬಿಚ್ಚಿ ಎಳೆದಳು. ‘ಚಿಪ್ಪು ತಿನ್ನಬೇಡಿ’ ಎಂಬ ನೋಟೀಸು ಬಾಗಿಲ ಒಳಮೈಗೆ, ಗೋಡೆಗೆ ಮುಖ ಮಾಡಿಕೊಂಡು ಇತ್ತು. ಸಂಜೆ ಬೀಗ ಹಾಕಿದ ಮೇಲೂ ಅದು ಒಳಗೇ.

"ಹಲ್ಲಿಗಳಿಗೆ ಬರೆದಿದ್ದೀರೇನಪ್ಪಾ? ಅವು ಚಿಪ್ಪು ತಿನ್ನಲ್ಲ!"

ನೋಟೀಸನ್ನು ಕಿತ್ತುಕೊಂಡು ಆಸ್ಪತ್ರೆಗೆ ಹೋಗಿ, ಲ್ಯಾಬಿನ ಕಾಗದದ ಜೊತೆ ಡಾಕ್ಟರ ಮುಂದೆ ಹಾಕಿದಳು.

"ಬರೆದದ್ದನ್ನ ಬದಲಾಯಿಸೋಕೆ ಬರಲ್ಲ," ಎಂದರು ಅವರು.

"ಬರೆಯೋಕೆ ಬಂತಲ್ಲ? ಅದೇ ಪೆನ್ನು, ಅದೇ ಕೈ. ಹೊಡೆದು ಹಾಕಿ. ಅಲ್ಲಿವರೆಗೆ ನಾನು ಇಲ್ಲೇ ಕೂತಿರ್ತೀನಿ."

ಕಾಯುತ್ತಿದ್ದ ರೋಗಿಗಳು ಕಿವಿ ನೆಟ್ಟಗೆ ಮಾಡಿದರು. ಡಾಕ್ಟರು ಚೀಟಿಯ ನಕಲು ತೆಗೆದು ‘ಕುಡಿತ’ಕ್ಕೆ ಗೀಟು ಎಳೆದು ‘ಚಿಪ್ಪಿನ ವಿಷ’ ಎಂದು ಬರೆದರು. ತಪ್ಪಾಯಿತೆಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ.

ತಿದ್ದಿದ ಚೀಟಿ ಬಂದರಿಗೆ ತಲುಪಿತು, ಮೈದುನ ಮತ್ತೆ ಕ್ರೇನು ಹತ್ತಿದ. ನೋಟೀಸು ಎಲ್ಲರೂ ನೀರು ಹಿಡಿಯುವ ನಲ್ಲಿಯ ಕಂಬ ಸೇರಿತು. ಚಿಪ್ಪಕ್ಕನ ಸಿಟ್ಟು ಇನ್ನೂ ಇಳಿದಿಲ್ಲ. ಅದರಲ್ಲಿ ಅರ್ಧ ತನ್ನ ಮೇಲೆಯೇ. ವಿಷ ಪರೀಕ್ಷೆಗೆಂದು ಮನೆಯವರ ಬಾಯನ್ನೇ ಒಡ್ಡಿದವಳು ತಾನಲ್ಲವೇ? ಈಗ ಮೊದಲ ಬೋಗುಣಿ ಲ್ಯಾಬಿಗೆ ಹೋಗುತ್ತದೆ. ಅಲ್ಲಿಂದ ಹೂಂ ಬರುವವರೆಗೆ ಅವಳ ಮನೆಯಲ್ಲಿ ಒಲೆ ಉರಿದರೂ ಯಾರೂ ಚಿಪ್ಪು ಮುಟ್ಟುವಂತಿಲ್ಲ.